ವಾಲಿದ ಏಳು

ಹಳೇ ಕಾರಿನ ಬಿಡಿಭಾಗಗಳು ಅಸಲಿಯೋ ನಕಲಿಯೋ ಎಂದು ನೋಡಿ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕುವುದು ನನ್ನ ಕೆಲಸ. ಮೊನ್ನೆ ಅಂಗಡಿ ನಡೆಸುವ ಮಾವ, ಹಳೇದೆಂದು ಮಾರಲು ಹೊಸ ಪಿಸ್ಟನ್ ಒಂದಕ್ಕೆ ಹಳೇ ನಂಬರು ಕುಟ್ಟು ಎಂದರು. ನಾನು ಹಿಂಜರಿದೆ.

“ಕುಟ್ಟಿದ್ರೆ ಅದಕ್ಕೇನು ನೋವಾಗುತ್ತಾ?” ಎಂದು ನಕ್ಕರು.

ಕುಟ್ಟಿದೆ. ಅಚ್ಚು ಜಾರಿ ಕೊನೆಯ ಅಂಕಿ ಏಳು ಎಡಕ್ಕೆ ವಾಲಿತು.

ಇವತ್ತು ಮಧ್ಯಾಹ್ನ ಒಬ್ಬರು ಮುದುಕರು ಮಸಿ ಹಿಡಿದ ಪಿಸ್ಟನ್ ತಂದರು. ಮುಟ್ಟಿದರೆ, ಈಗಷ್ಟೇ ಎಂಜಿನ್ನಿನಿಂದ ತೆಗೆದಂತೆ ಬಿಸಿ.

“ನಲವತ್ತು ವರ್ಷದಿಂದ ಟ್ರಂಕಲ್ಲಿತ್ತಮ್ಮ. ಓಡೋ ಗಾಡೀಲಿ ಇದು ಜಾಮ್ ಆಗೇ ನಮ್ಮಪ್ಪ ಹೋಗಿದ್ದು. ಅಸಲಿನಾ ನಕಲಿನಾ, ಅಷ್ಟು ಹೇಳು.”

ಮಸಿ ಒರೆಸಿದೆ. ಅದೇ ನಂಬರು, ಎಡಕ್ಕೆ ವಾಲಿದ ಅದೇ ಏಳು. ನನಗೆ ತಲೆ ಎತ್ತಲಾಗಲಿಲ್ಲ.

“ಅಸಲೀನೇ, ತಾತ,” ಎಂದೆ.

ಅವರು ನನಗೆ ಕೈಮುಗಿದು ಹೋದರು.

ನಾನು ಕುಟ್ಟಿದ ಪಿಸ್ಟನ್ ಇನ್ನೂ ಮಾರಾಟವಾಗಿಲ್ಲ. ಕಾಗದ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದು ಅಲ್ಲೇ ಇದೆ.