ಐದನೇ ಕೂಗು

ನಿಜಘಟನೆಗಳನ್ನು ಬರೆದು ಹೊಟ್ಟೆ ಹೊರೆಯುವವನು ನಾನು. ಬೆಂಕಿಬಿದ್ದ ಮನೆಯಲ್ಲಿ ಸತ್ತ ಹುಡುಗಿಯೊಬ್ಬಳ ಕುರಿತ ಪುಸ್ತಕಕ್ಕೆ ನಾನು ಸೇರಿಸಿದ್ದು ಒಂದೇ ಸುಳ್ಳು: "ಅಕ್ಕಾ, ಚಿಲಕ ತೆಗಿ" ಎಂದು ಅವಳು ನಾಲ್ಕು ಸಲ ಕೂಗಿದಳು.

ಒಂದು ಮಧ್ಯಾಹ್ನ ಆ ಅಕ್ಕ, ಈಗ ಮುದುಕಿ, ನನ್ನ ಮನೆಗೆ ಬಂದು ಆ ಸಾಲಿನ ಮೇಲೆ ಬೆರಳಿಟ್ಟಳು. ಪುಟದಿಂದ ಹೊಗೆಯ ವಾಸನೆ ಬಂತು.

"ಇದನ್ನ ಯಾರಿಗೂ ಹೇಳಿರ್ಲಿಲ್ಲ ನಾನು. ಆದ್ರೆ ಐದು ಸಲ ಕೂಗಿದ್ಲು."

"ಮುಂದಿನ ಮುದ್ರಣದಲ್ಲಿ ಐದು ಮಾಡೋಣ ಬಿಡಮ್ಮ," ಎಂದೆ. ಹಾಗೇ ತಿದ್ದಿ ಕಳಿಸಿದೆ.

ವಾರದೊಳಗೆ ಅವಳೂ ಮನೆಗೆ ಬೆಂಕಿಬಿದ್ದು ಸತ್ತಳು. ಮನೆಯಲ್ಲಿದ್ದವಳು ಅವಳೊಬ್ಬಳೇ, ಚಿಲಕ ಮಾತ್ರ ಹೊರಗಿಂದ ಹಾಕಿತ್ತಂತೆ.

ನಿನ್ನೆ ಕರಡು ತಿದ್ದುವವರ ಫೋನ್ ಬಂತು. "ಸರ್, ಇಲ್ಲಿ ಆರು ಸಲ ಇದೆ. ಕೊನೇದು 'ತಂಗೀ, ಚಿಲಕ ತೆಗಿ' ಅಂತಿದೆ. ತೆಗೀಲಾ?"

"ಚೆನ್ನಾಗಿದೆ," ಅಂದೆ. "ತೆಗೀಬೇಡಿ."