ಮುಚ್ಚಿದ ತೂತುಗಳು

ತಗಡಿನ ನೂರಿಪ್ಪತ್ತು ತೂತುಗಳಲ್ಲಿ ನಲವತ್ತೊಂದು ಮುಚ್ಚಿದ್ದವು.

ಎರಡು ತಿಂಗಳ ಹಿಂದೆ ಬೆಂಗಳೂರಿನಿಂದ ಇಷ್ಟು ಬರೆದ ಕಾಗದ ಬಂದಾಗ, ನಿಪ್ಪಾಣಿಯ ಲೇಥ್ ಅಂಗಡಿಯ ಮಾಲಕ ಲಗಮಣ್ಣ ಏನೂ ಕೇಳದೆ ಕೆಲಸದ ಹುಡುಗ ಭೀಮಸಿಯ ಕೆನ್ನೆಗೆ ಬಾರಿಸಿ ಹೊರಹಾಕಿದ್ದ. ಕೊರೆದವನು ಅವನೇ ತಾನೇ? ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಮೇಲೆ ತಪ್ಪು ಹೊರಿಸಲು ಸಾಕ್ಷಿ ಬೇಕೆ?

ಈಗ 1989ರ ಫೆಬ್ರುವರಿ. ಭೀಮಸಿಯ ಸೋದರಮಾವ, ನಿವೃತ್ತ ಹವಾಲ್ದಾರ ರಾಜಾರಾಮ ಪತ್ರ ಬರೆದು ಬೆಂಗಳೂರಿನ ವಿಮಾನ ಸಂಶೋಧಕ ನೇಮಿನಾಥರನ್ನು ಆ ತಗಡಿನ ಸಮೇತ ಅಂಗಡಿಗೆ ಕರೆಸಿದ್ದ. ಕೆಲಸ ಹೋದಾಗಿನಿಂದ ಕಬ್ಬು ಕಡಿಯುತ್ತಿದ್ದ ಭೀಮಸಿ ಬಾಗಿಲಲ್ಲೇ ನಿಂತಿದ್ದ.

"ಇದು ಏನ್ ಮಾಡತೈತ್ರಿ ಸಾಹೇಬ್ರ?" ರಾಜಾರಾಮ ಕೇಳಿದ.

"ಶಬ್ದಕ್ಕಿಂತ ಜೋರ ಹೋಗೂ ವಿಮಾನದ ಇಂಜಿನ್ನಿಗೆ ಗಾಳಿ ಒಳಗ ಬಿಡೂ ಬಾಯಿಯ ಗ್ವಾಡಿರಿ. ಗ್ವಾಡಿಗೆ ಅಂಟಿದ ಗಾಳಿ ಸುಸ್ತಾಗಿ ದಾರಿ ಕಟ್ಟತೈತಿ. ಈ ತೂತಿನಾಗಿಂದ ಅದನ್ನ ಹೀರಿ ತಗದ್ರ, ಉಳದದ್ದು ಸಲೀಸ ಒಳಗ ಹೋಗತೈತಿ. ಪರೀಕ್ಷಾದಾಗ ಹೋಗಲಿಲ್ಲ."

"ಇಂವಾ ಅರ್ಧಕ್ಕ ಕೊರದ ಬಿಟ್ಟಾನ," ಲಗಮಣ್ಣ ಗೊಣಗಿದ.

"ಪೂರಾ ಕೊರದೀನ್ರಿ ಮಾಲಕ್ರ. ಡ್ರಿಲ್ ಬಿಟ್ ಆಚೆ ಬಂದದ್ದು ನನ್ನ ಬೆರಳಿಗೇ ಗೊತ್ತಾಗತೈತಿ."

ರಾಜಾರಾಮ ತಗಡನ್ನು ಬಿಸಿಲಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಕಳ್ಳಗೆಲಸ ಆಗಿದ್ರ ಎಲ್ಲೆಲ್ಲೋ ಬಿಡತಿದ್ದ. ಮುಚ್ಚಿದ್ದೆಲ್ಲ ಮೂರ ಅಡ್ಡ ಪಟ್ಟಿ. ಒಂದೊಂದು ಬೆರಳ ಅಗಲ — ನಡುವಿನ ತೂತೆಲ್ಲ ಖುಲ್ಲಾ."

ಸೂಜಿಯಿಂದ ಒಂದನ್ನು ಕೆದಕಿದ. ಎಣ್ಣೆಯಲ್ಲಿ ಗಟ್ಟಿಯಾದ ಹಳದಿ ಪುಡಿ ಉದುರಿತು. ಮೂಸಿದ.

"ಲಗಮಣ್ಣ, ಇದನ್ನ ಯಾವಾಗ ಕಳಸಿದಿ?"

"ದಸರಾ ಮರುದಿನ."

"ಹಂಗಾರ ಖಂಡೇಪೂಜೆ ದಿನಾ ಎಲ್ಲಿತ್ತು?"

ಲಗಮಣ್ಣ ಲೇಥಿನತ್ತ ನೋಡಿದ. ಅದರ ಮುಂದೆ, ಆಯುಧಪೂಜೆಯ ಮಣೆಯ ಮೇಲೆ. ವಿಮಾನದ ಸಾಮಾನು ನಮ್ಮಲ್ಲಿ ಆಯಿತೆಂದು ಓಣಿಗೆಲ್ಲ ತೋರಿಸಿ, ಎಣ್ಣೆಯಲ್ಲಿ ಅರಿಷಿಣದ ಭಂಡಾರ ಕಲಸಿ...

"ಪಟ್ಟಿ ಎಳದ ಬೆರಳು ಯಾರವು?"

"ನನ್ನವು," ಲಗಮಣ್ಣನ ದನಿ ಕುಗ್ಗಿತು. "ಆಮ್ಯಾಲ ಅರಿವೀಲೆ ಒರಸಿದ್ನಿ."

"ಮ್ಯಾಲಿಂದು ಹೋತು. ತೂತಿನಾಗಿಂದು ಉಳೀತು. ನೀನ ಮುಚ್ಚಿದಿ, ನೀನ ಬಡದಿ. ಅಲ್ಲಿ ಕಲತವರೂ ಒಂದ ಸೂಜಿ ಹಾಕಿ ನೋಡಲಿಲ್ಲ, ಕಾಗದ ಬರದ್ರು."

ನೇಮಿನಾಥ ತಲೆ ತಗ್ಗಿಸಿದರು.

"ನಾಳಿಂದ ಬಾರೋ ಭೀಮಸಿ," ಲಗಮಣ್ಣ ಅಂದ. "ತಪ್ಪಾತು. ಇನ್ನೊಂದ ತಗಡ ಮಾಡೂಣು."

ಭೀಮಸಿ ಒಳಬಂದು, ಕೂದಲೆಳೆಯಂಥ ಡ್ರಿಲ್ ಬಿಟ್ಟೊಂದನ್ನು ಎತ್ತಿ ಬೆರಳುಗಳ ನಡುವೆ ಹೊರಳಿಸಿದ. ಎರಡು ತಿಂಗಳು ಕಬ್ಬು ಕಡಿಯುವ ಕೊಯ್ತಾ ಹಿಡಿದು ಜಡ್ಡುಗಟ್ಟಿದ ಬೆರಳುಗಳು. ಕಣ್ಣು ಮುಚ್ಚಿ ಮತ್ತೊಮ್ಮೆ ಹೊರಳಿಸಿದ.

"ಈಗ ಏನೂ ಗೊತ್ತಾಗವಲ್ದರಿ, ಮಾಲಕ್ರ."

ಬಿಟ್ಟನ್ನು ಇದ್ದಲ್ಲೇ ಇಟ್ಟ.