ಹೊಸ್ತಿಲ ರೊಟ್ಟಿ

ಬೆಟ್ಟದ ಹಳ್ಳಿಯಿಂದ ಬಂದ ನಮಗೆ ಬಿಶ್ಕೆಕ್ ನಗರದಲ್ಲಿ ಪರಿಚಯದ ಒಂದು ಬಾಗಿಲೂ ಇರಲಿಲ್ಲ. ನಾನು, ತಮ್ಮ ಎಸೆನ್ ಬಾಡಿಗೆ ಕೋಣೆಗಾಗಿ ಮಧ್ಯಾಹ್ನದವರೆಗೂ ಮೆಟ್ಟಿಲು ಹತ್ತಿದೆವು. "ಥೂ, ಕುರಿ ನಾತ," ಎಂದು ಒಬ್ಬಳು ಮುಖದ ಮೇಲೆ ಬಾಗಿಲು ಹಾಕಿದಳು.

ಮೇಲಿನ ಮಹಡಿಯಲ್ಲಿ ಒಬ್ಬ ಮುದುಕಿ ನಮ್ಮ ಬೆಟ್ಟದ ಮಾತಿನಲ್ಲೇ ಕರೆದಳು: "ಹೊಸ್ತಿಲಿಗೆ ಬಂದು ರೊಟ್ಟಿ ಬಾಯಿಗಿಡದೆ ಹೋಗ್ತೀರೇನ್ರೋ ಮಕ್ಳಾ?"

ನಮ್ಮವರು ಆ ಕರೆಗೆ ಒಲ್ಲೆ ಎನ್ನುವಂತಿಲ್ಲ. ಬೇಸಿಗೆಯಲ್ಲೂ ಒಳಗಿಂದ ಹಿಮದ ಗಾಳಿ ಬಂತು. ಗೋಡೆಯುದ್ದಕ್ಕೂ ಧೂಳು ಹಿಡಿದ ಹಳ್ಳಿ ಬೂಟುಗಳಿದ್ದವು. ಮಾತಿನ ಸದ್ದೇ ಇರಲಿಲ್ಲ.

"ಅಣ್ಣ, ನೀನು ಲೇಸು ಬಿಚ್ಚೋದ್ರೊಳಗೆ ರೊಟ್ಟಿ ಮುಗಿದಿರುತ್ತೆ," ಎಂದು ಎಸೆನ್ ನಗುತ್ತ ಒಳಹೋದ. ಅವಳು ಮುರಿದ ರೊಟ್ಟಿಯಿಂದ ಚೂರೂ ಉದುರಲಿಲ್ಲ. ನಾನಿನ್ನೂ ಹೊರಗಿರುವಾಗಲೇ ಬಾಗಿಲು ಮುಚ್ಚಿತು; ಎಷ್ಟು ಬಡಿದರೂ ತೆರೆಯಲಿಲ್ಲ.

ನಾನು ಪೊಲೀಸರನ್ನು ಕರೆತಂದಾಗ ಬಾಗಿಲಿಗೆ ತುಕ್ಕು ಹಿಡಿದ ಬೀಗವಿತ್ತು. ಒಡೆದರೆ ಒಳಗೆ ಖಾಲಿ ಕೋಣೆ, ಬರಿಗೋಡೆ.

"ತಮ್ಮನ್ನ ಊರಲ್ಲೇ ಬಿಟ್ಟು ಬಂದಿರ್ತೀಯ, ಹಳ್ಳಿ ಗುಗ್ಗು. ಹೋಗು," ಎಂದರು.

ಹೋದದ್ದು ಒಬ್ಬ ತಮ್ಮ, ಹತ್ತೊಂಬತ್ತು ವರ್ಷದವನು.